ರೋಮನ್ ದೇವತೆಗಳ ಉಪನ್ಯಾಸಕ್ಕೆ ಚಿತ್ರಗಳನ್ನು ಹುಡುಕುವುದು: ಸಮಗ್ರ ಮಾರ್ಗದರ್ಶಿ

ರೋಮನ್ ದೇವತೆಗಳ ಬಗ್ಗೆ ಕಾಲೇಜಿನಲ್ಲೋ ಓದುಗರ ಬಳಗದಲ್ಲೋ ಮಾತನಾಡಲು ಒಪ್ಪಿಕೊಂಡವರು ಚಿತ್ರಗಳ ವಿಷಯದಲ್ಲಿ ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಹಿಂದಿನ ರಾತ್ರಿ ಗೂಗಲ್‌ನಲ್ಲಿ ದೇವತೆಯ ಹೆಸರು ಬರೆದು, ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಇಳಿಸಿಕೊಂಡು ಸ್ಲೈಡಿಗೆ ಅಂಟಿಸಿಬಿಡುತ್ತಾರೆ. ಮರುದಿನ ಪರದೆಯ ಮೇಲೆ ಜೂಪಿಟರ್ ಎಂದು ಬಂದದ್ದು ಗ್ರೀಕರ ಮಡಕೆಯ ಮೇಲಿನ ಜ್ಯೂಸ್ ಆಗಿರುತ್ತದೆ. ವೀನಸ್ ಎಂದು ಬಂದದ್ದು 15ನೆಯ ಶತಮಾನದ ಫ್ಲಾರೆನ್ಸಿನ ವರ್ಣಚಿತ್ರವಾಗಿರುತ್ತದೆ. ಮಾರ್ಸ್ ಎಂದು ಬಂದದ್ದು ಕಂಪ್ಯೂಟರ್ ಹೆಣೆದ, ಯಾವ ಕಾಲಕ್ಕೂ ಸೇರದ ಯೋಧನಾಗಿರುತ್ತದೆ. ಸಭೆಯಲ್ಲಿ ಒಬ್ಬರು ಎದ್ದು ‘ಇದು ಎಲ್ಲಿದೆ, ಯಾವ ಕಾಲದ್ದು?’ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಈ ತೊಂದರೆಗೆ ಹುಡುಕುವ ಜಾಣತನದ ಕೊರತೆಗಿಂತ ಕೆಲಸದ ಕ್ರಮ ತಲೆಕೆಳಗಾಗಿರುವುದೇ ಹೆಚ್ಚಿನ ಕಾರಣ. ಚಿತ್ರವನ್ನು ಹುಡುಕಲು ಹೊರಡದೆ, ಒಂದು ನಿರ್ದಿಷ್ಟ ವಸ್ತುವನ್ನು, ಅಂದರೆ ಇಂಥ ಊರಿನಲ್ಲಿ ಸಿಕ್ಕಿ ಇಂಥ ಸಂಗ್ರಹಾಲಯದಲ್ಲಿರುವ ಒಂದು ಶಿಲ್ಪವನ್ನೋ ನಾಣ್ಯವನ್ನೋ ಗೋಡೆಚಿತ್ರವನ್ನೋ, ಮೊದಲು ಆರಿಸಿಕೊಂಡು ಆ ಮೇಲೆ ಅದರ ಒಳ್ಳೆಯ ಛಾಯಾಚಿತ್ರಕ್ಕೆ ಹೋಗಬೇಕು. ಮುಂದಿನ ಹಂತಗಳೆಲ್ಲ ಇದೊಂದೇ ನಿಯಮದ ವಿಸ್ತರಣೆ. ನಲವತ್ತು ನಿಮಿಷಗಳ ಉಪನ್ಯಾಸಕ್ಕೆ ಮೂರು ಸಂಜೆಗಳನ್ನು ಮೀಸಲಿಟ್ಟರೆ ಎಲ್ಲವನ್ನೂ ನೆಮ್ಮದಿಯಾಗಿ ಮುಗಿಸಬಹುದು.

ಮೊದಲೇ ಸಿದ್ಧವಿರಬೇಕಾದವು

ಕಂಪ್ಯೂಟರ್ ಮತ್ತು ಅಂತರ್ಜಾಲದ ಜೊತೆಗೆ ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ಇರಲಿ. ಅದರಲ್ಲಿ ಆರು ಕಂಬಸಾಲುಗಳನ್ನು ಎಳೆದುಕೊಳ್ಳಿ: ಉಪನ್ಯಾಸದ ವಾಕ್ಯ, ದೇವತೆ, ವಸ್ತು, ಅದು ಇರುವ ಸ್ಥಳ ಮತ್ತು ಅಲ್ಲಿನ ದಾಖಲೆ ಸಂಖ್ಯೆ, ಕಾಲ, ಬಳಕೆಯ ಹಕ್ಕು. ಮೊಬೈಲ್‌ನಲ್ಲೇ ಇಡೀ ಕೆಲಸ ಮುಗಿಸಲು ಹೋಗಬೇಡಿ. ಸಂಗ್ರಹಾಲಯಗಳ ಪುಟಗಳಲ್ಲಿ ಮುಖ್ಯ ವಿವರಗಳು ಚಿತ್ರದ ಕೆಳಗೆ ಮಡಚಿಕೊಂಡಿರುತ್ತವೆ, ಸಣ್ಣ ಪರದೆಯಲ್ಲಿ ಅವು ಕಣ್ತಪ್ಪುವುದು ಸಹಜ. ಚಿತ್ರದ ಮೂಲವನ್ನು ಪತ್ತೆಹಚ್ಚಲು ಗೂಗಲ್ ಲೆನ್ಸ್ ಅಥವಾ ಟಿನ್‌ಐಯನ್ನು ಬಳಸಲು ಕಲಿತಿರಿ. ಚಿತ್ರವನ್ನೇ ಕೊಟ್ಟು ಅದು ಬೇರೆಲ್ಲೆಲ್ಲಿದೆ ಎಂದು ಕೇಳುವ ಸಾಧನಗಳಿವು.

ಹಂತ 1: ವಾಕ್ಯ ಮೊದಲು, ಚಿತ್ರ ಆಮೇಲೆ

ಉಪನ್ಯಾಸದಲ್ಲಿ ಚಿತ್ರವಿಲ್ಲದೆ ಅರ್ಥವಾಗದ ವಾಕ್ಯಗಳು ಯಾವುವು ಎಂದು ಪಟ್ಟಿ ಮಾಡಿ. ‘ಜೂಪಿಟರ್ ದೇವತೆಗಳ ಒಡೆಯ’ ಎಂಬ ವಾಕ್ಯಕ್ಕೆ ಚಿತ್ರ ಬೇಕಿಲ್ಲ, ಕಿವಿಯೇ ಸಾಕು. ‘ಜೂಪಿಟರ್, ಜೂನೊ, ಮಿನರ್ವ ಮೂವರೂ ರೋಮಿನ ಕ್ಯಾಪಿಟೊಲಿನ್ ಗುಡ್ಡದ ಮೇಲೆ ಒಟ್ಟಿಗೆ ಪೂಜೆಗೊಳ್ಳುತ್ತಿದ್ದರು’ ಎಂಬ ವಾಕ್ಯಕ್ಕೆ ಮೂವರೂ ಒಂದೇ ಪೀಠದಲ್ಲಿ ಕುಳಿತ ಶಿಲ್ಪ ಬೇಕು. ಹೀಗೆ ಬೇಡಿಕೆ ಖಚಿತವಾದಾಗ ಮಾತ್ರ ಹುಡುಕಾಟಕ್ಕೆ ಕೊನೆಯೆಂಬುದು ಇರುತ್ತದೆ. ಈ ಉದಾಹರಣೆಯ ಬೇಡಿಕೆಯನ್ನು ಪೂರೈಸುವ ಅಮೃತಶಿಲೆಯ ಗುಂಪು ರೋಮಿನ ಬಳಿಯ ಗ್ವಿಡೋನಿಯಾದ ಸಂಗ್ರಹಾಲಯದಲ್ಲಿದೆ. 1992ರಲ್ಲಿ ಕಳ್ಳ ಅಗೆತದಲ್ಲಿ ಹೊರಬಂದು, 1994ರಲ್ಲಿ ಪೊಲೀಸರ ಕೈಸೇರಿದ ಶಿಲ್ಪವದು. ಮೂವರ ಪಕ್ಕದಲ್ಲಿ ಅವರವರ ಹಕ್ಕಿಗಳಾದ ಹದ್ದು, ನವಿಲು, ಗೂಬೆಗಳೂ ಇವೆ.

ನಲವತ್ತು ನಿಮಿಷಗಳಿಗೆ ಹದಿನೈದರಿಂದ ಇಪ್ಪತ್ತು ಚಿತ್ರಗಳು ಸಾಕು. ಐವತ್ತು ಚಿತ್ರಗಳನ್ನು ಹಾಕಿದವರು ಉಪನ್ಯಾಸ ಮಾಡುವುದಿಲ್ಲ, ಸ್ಲೈಡುಗಳ ಹಿಂದೆ ಓಡುತ್ತಾರೆ.

*ಎಚ್ಚರಿಕೆಯ ಲಕ್ಷಣ:* ಪಟ್ಟಿಯಲ್ಲಿ ಹನ್ನೆರಡು ದೇವತೆಗಳಿಗೆ ಹನ್ನೆರಡು ನಿಂತ ಶಿಲ್ಪಗಳೇ ಇದ್ದರೆ ನೀವಿನ್ನೂ ವಾಕ್ಯ ಬರೆದಿಲ್ಲ, ಹೆಸರುಗಳನ್ನಷ್ಟೇ ಬರೆದಿದ್ದೀರಿ.

ಹಂತ 2: ಯಾವ ದೇವತೆಗೆ ಯಾವ ಬಗೆಯ ವಸ್ತು

ಎಲ್ಲ ದೇವತೆಗಳೂ ಎಲ್ಲ ಬಗೆಯ ವಸ್ತುಗಳಲ್ಲಿ ಸಮನಾಗಿ ಸಿಗುವುದಿಲ್ಲ. ಇದನ್ನು ತಿಳಿಯದೆ ಹುಡುಕುವವರು ಇಲ್ಲದ ಶಿಲ್ಪಕ್ಕಾಗಿ ಗಂಟೆಗಟ್ಟಲೆ ಅಲೆಯುತ್ತಾರೆ.

ಒಲೆಯ ಬೆಂಕಿಯ ದೇವತೆ ವೆಸ್ಟಾಳನ್ನೇ ತೆಗೆದುಕೊಳ್ಳಿ. ರೋಮ್ ನಗರದ ಮುಖ್ಯ ಸಾರ್ವಜನಿಕ ಚೌಕವಾದ ಫೋರಂನಲ್ಲಿದ್ದ ಅವಳ ದುಂಡು ಗುಡಿಯೊಳಗೆ ಮೂರ್ತಿಯೇ ಇರಲಿಲ್ಲವೆಂದು ಕವಿ ಓವಿಡ್ ಹೇಳುತ್ತಾನೆ. ಅಲ್ಲಿದ್ದದ್ದು ಆರದ ಬೆಂಕಿ. ಆದ್ದರಿಂದ ಅವಳಿಗೆ ನಾಣ್ಯಗಳ ಮೇಲಿನ ಗುಡಿಯ ಚಿತ್ರವೇ ಸರಿಯಾದ ಸಾಕ್ಷಿ. ಜೇನಸ್‌ನದೂ ಇಂಥದೇ ಕಥೆ. ಎರಡು ಮುಖಗಳ ಈ ದೇವತೆಗೆ ಗ್ರೀಕರಲ್ಲಿ ಸಮಾನನಾದವನಿಲ್ಲ, ಹಾಗಾಗಿ ಗ್ರೀಕ್ ಶಿಲ್ಪಗಳ ನಕಲುಗಳ ದೊಡ್ಡ ರಾಶಿಯಲ್ಲಿ ಅವನು ಸಿಗುವುದಿಲ್ಲ. ಚಕ್ರವರ್ತಿಗಳಿಗೆ ಮುಂಚಿನ ಗಣರಾಜ್ಯ ಕಾಲದ ಕಂಚಿನ ನಾಣ್ಯಗಳಲ್ಲಿ ಮಾತ್ರ ಧಾರಾಳವಾಗಿದ್ದಾನೆ: ಮುಂಬದಿಯಲ್ಲಿ ಎರಡು ಗಡ್ಡದ ಮುಖಗಳು, ಹಿಂಬದಿಯಲ್ಲಿ ಹಡಗಿನ ಮೂತಿ. ಯುದ್ಧವಿಲ್ಲದಾಗ ಅವನ ಗುಡಿಯ ಬಾಗಿಲು ಮುಚ್ಚುತ್ತಿದ್ದ ಪದ್ಧತಿಯನ್ನು ವಿವರಿಸುವುದಾದರೆ ನೀರೊ ಚಕ್ರವರ್ತಿಯ ಹಿತ್ತಾಳೆಯ ಸೆಸ್ಟರ್ಷಿಯಸ್ ನಾಣ್ಯಕ್ಕಿಂತ ಉತ್ತಮವಾದದ್ದಿಲ್ಲ. ಮುಚ್ಚಿದ ಬಾಗಿಲೂ ಅದರಲ್ಲಿದೆ, ನೆಲದಲ್ಲೂ ಕಡಲಲ್ಲೂ ಶಾಂತಿ ನೆಲೆಸಿದ್ದರಿಂದ ಜೇನಸ್‌ನ ಬಾಗಿಲನ್ನು ಮುಚ್ಚಲಾಯಿತು ಎಂಬ ಲ್ಯಾಟಿನ್ ಬರಹವೂ ಇದೆ.

ನಾಣ್ಯಗಳ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಹೊಸಬರು ಅವನ್ನು ‘ಚಿಕ್ಕದು, ಸವೆದದ್ದು’ ಎಂದು ಬದಿಗೆ ತಳ್ಳಿಬಿಡುತ್ತಾರೆ. ಶಿಲ್ಪದ ಹೆಸರು ಬಹುಮಟ್ಟಿಗೆ ನಂತರದ ವಿದ್ವಾಂಸರ ಊಹೆ. ನಾಣ್ಯದಲ್ಲಿ ದೇವತೆಯ ಹೆಸರನ್ನು ಅನೇಕ ಬಾರಿ ಟಂಕಸಾಲೆಯೇ ಬರೆದಿರುತ್ತದೆ. ಕಾಪಾಡುವ ಜೂಪಿಟರ್, ಸೇಡು ತೀರಿಸುವ ಮಾರ್ಸ್, ಮೂಲತಾಯಿ ವೀನಸ್ ಎಂಬ ಬಿರುದುಗಳೆಲ್ಲ ಮೂರ್ತಿಯ ಸುತ್ತಲೇ ಓದಸಿಗುತ್ತವೆ. ಯಾವ ಅರಸನ ಕಾಲದ್ದು ಎಂಬುದೂ ಗೊತ್ತಿರುತ್ತದೆ. ನನ್ನ ಮಟ್ಟಿಗೆ, ಗುರುತು ಸಂಶಯವಿರುವ ಭವ್ಯ ಶಿಲ್ಪಕ್ಕಿಂತ ಹೆಸರು ಕೆತ್ತಿದ ಸಣ್ಣ ನಾಣ್ಯವೇ ಮೇಲು.

ಮನೆಯ ದೇವತೆಗಳಾದ ಲಾರೆಸ್‌ಗೆ, ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಇಟಲಿಯ ಊರು ಪಾಂಪೆಯ ಗೋಡೆಗಳಿಗೆ ಹೋಗಬೇಕು. ವೆಟ್ಟಿ ಮನೆತನದ ಮನೆಯಲ್ಲಿರುವ ಪೂಜಾಗೂಡಿನ ಚಿತ್ರದಲ್ಲಿ ನಡುವೆ ಟೋಗಾ ಹೊದ್ದ ಮನೆಯೊಡೆಯನ ಚೈತನ್ಯರೂಪ, ಇಬ್ಬದಿಯಲ್ಲಿ ಪಾನಪಾತ್ರೆಯ ಕೊಂಬೆತ್ತಿ ಕುಣಿಯುವ ಲಾರೆಸ್, ಕೆಳಗೆ ಹರಿದು ಬರುವ ಹಾವು ಇವೆ. ನಾಗನ ಕಲ್ಲನ್ನು ಕಂಡ ಕಣ್ಣುಗಳಿಗೆ ಆ ಹಾವನ್ನು ವಿವರಿಸುವುದು ಸುಲಭ. ಆದರೆ ಒಂದು ಎಚ್ಚರಿಕೆ: ಅದೇ ಮನೆಯ ಬಾಗಿಲ ಬಳಿಯ, ಬೃಹತ್ ಶಿಶ್ನದ ಫಲವಂತಿಕೆಯ ದೇವತೆ ಪ್ರಿಯಾಪಸ್‌ನ ಚಿತ್ರವೂ ಹುಡುಕಾಟದಲ್ಲಿ ಬಂದೇ ಬರುತ್ತದೆ. ಶಾಲಾ ಮಕ್ಕಳ ಎದುರು ನೇರವಾಗಿ ಅಂತರ್ಜಾಲ ತೆರೆದು ಹುಡುಕಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ.

ಕಡಲದೇವತೆ ನೆಪ್ಚೂನ್‌ಗೆ ಮೊಸಾಯಿಕ್ ನೆಲಹಾಸುಗಳು, ಅದರಲ್ಲೂ ಟುನೀಶಿಯಾದ ಬಾರ್ಡೊ ಸಂಗ್ರಹಾಲಯದಲ್ಲಿರುವ, ನಾಲ್ಕು ಋತುಗಳ ನಡುವೆ ರಥವೇರಿದ ನೆಪ್ಚೂನ್, ಯೋಗ್ಯ. ಪೂರ್ವದಿಂದ ಬಂದ ಮಾತೃದೇವತೆ ಸಿಬಿಲಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಕಂಚಿನ ಶಿಲ್ಪವಿದೆ. ಸಿಂಹಗಳೆಳೆಯುವ ಬಂಡಿಯಲ್ಲಿ ಕುಳಿತ ಅವಳ ದಾಖಲೆ ಸಂಖ್ಯೆ 97.22.24. ಮಿತ್ರಾಸ್‌ಗೆ ಗೂಳಿ ಕೊಲ್ಲುವ ಉಬ್ಬುಶಿಲ್ಪ ಎಲ್ಲೆಡೆ ಸಿಗುತ್ತದೆ. ಮರ್ಕ್ಯುರಿಗೆ ಕೈಯಲ್ಲಿ ಹಣದ ಚೀಲ ಹಿಡಿದ ಸಣ್ಣ ಕಂಚಿನ ಮೂರ್ತಿಗಳನ್ನೇ ಆರಿಸಿ, ವ್ಯಾಪಾರಿಗಳ ದೇವತೆಯೆಂಬ ಅವನ ರೋಮನ್ ಗುಣ ಆ ಚೀಲದಲ್ಲಿ ಕಾಣುತ್ತದೆ.

ಕರ್ನಾಟಕದ ಸಭೆಯಾದರೆ ನಮ್ಮ ನೆಲದ ನಿಜವಾದ ಕೊಂಡಿಯೊಂದನ್ನು ತೋರಿಸಬಹುದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನೆರೆಯ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ ದೊರೆತ ಕಡಲದೇವತೆಯ ಕಂಚಿನ ಪುಟ್ಟ ಮೂರ್ತಿ ಅಲ್ಲಿನ ಟೌನ್ ಹಾಲ್ ಸಂಗ್ರಹಾಲಯದಲ್ಲಿದೆ. ಅದನ್ನು ಗ್ರೀಕರ ಹೆಸರಿನಿಂದ ಪೊಸೈಡನ್ ಎಂದೇ ಕರೆಯುವುದು ರೂಢಿ. ನೆಪ್ಚೂನ್ ಎಂದು ನೀವಾಗಿ ತಿದ್ದಲು ಹೋಗದೆ, ಇಬ್ಬರ ರೂಪ ಒಂದೇ ಎಂಬುದನ್ನು ಮಾತಿನಲ್ಲಿ ಹೇಳಿ.

ಹಂತ 3: ಸರಿಯಾದ ಜಾಗದಲ್ಲಿ, ಸರಿಯಾದ ಪದದಿಂದ ಹುಡುಕುವುದು

ದೇವತೆಯ ಹೆಸರನ್ನಷ್ಟೇ ಬರೆದರೆ ಏನಾಗುತ್ತದೆಂಬುದು ಎಲ್ಲರಿಗೂ ಅನುಭವವಿದೆ. ಜೂಪಿಟರ್, ಮಾರ್ಸ್, ಸ್ಯಾಟರ್ನ್ ಎಂದರೆ ಗ್ರಹಗಳು ಬರುತ್ತವೆ. ಮರ್ಕ್ಯುರಿ ಎಂದರೆ ಪಾದರಸವೂ ಸೇರಿಕೊಳ್ಳುತ್ತದೆ. ಜೂನೊ ಎಂದರೆ 2011ರಲ್ಲಿ ಹಾರಿದ ಬಾಹ್ಯಾಕಾಶ ನೌಕೆ. ಅಪೊಲೊ ಎಂದರೆ ಚಂದ್ರಯಾನ, ಆಸ್ಪತ್ರೆ, ಟೈರು. ಡಯಾನಾ ಎಂದರೆ ಬ್ರಿಟನ್ನಿನ ರಾಜಕುಮಾರಿ. ಕನ್ನಡದಲ್ಲಿ ಬರೆದು ಹುಡುಕಿದರೂ ಇದೇ ಫಲ, ಸಾಲದ್ದಕ್ಕೆ ಪಂಚಾಂಗದ ಗ್ರಹಗಳೂ ಜೊತೆಗೂಡುತ್ತವೆ. ಆದ್ದರಿಂದ ಹುಡುಕುವ ಪದಗುಚ್ಛದಲ್ಲಿ ಮೂರು ಅಂಶಗಳಿರಲಿ: ದೇವತೆಯ ಹೆಸರು, ವಸ್ತುವಿನ ಬಗೆ (ಶಿಲ್ಪ, ಉಬ್ಬುಶಿಲ್ಪ, ಮೊಸಾಯಿಕ್, ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ), ಸ್ಥಳ. ಇಂಗ್ಲಿಷಿನಲ್ಲಿ ಸಿಗದಿದ್ದರೆ ಇಟಲಿಯ ಹೆಸರನ್ನು ಪ್ರಯತ್ನಿಸಿ: ಜೂಪಿಟರ್‌ಗೆ ಜೋವೆ, ಜೂನೊಗೆ ಜುನೋನೆ, ವೀನಸ್‌ಗೆ ವೆನೆರೆ, ಮಾರ್ಸ್‌ಗೆ ಮಾರ್ತೆ, ನೆಪ್ಚೂನ್‌ಗೆ ನೆತ್ತುನೊ. ಇಟಲಿಯ ಸಣ್ಣ ಊರುಗಳ ಸಂಗ್ರಹಾಲಯಗಳ ವಸ್ತುಗಳು ಹಲವು ಬಾರಿ ಈ ಹೆಸರುಗಳಲ್ಲಿ ಮಾತ್ರ ತೆರೆದುಕೊಳ್ಳುತ್ತವೆ.

ಹುಡುಕಾಟವನ್ನು ಗೂಗಲ್‌ನಿಂದ ಆರಂಭಿಸದೆ ಸಂಗ್ರಹಾಲಯಗಳಿಂದಲೇ ಆರಂಭಿಸಿ. ಮೆಟ್ರೊಪಾಲಿಟನ್ ಸಂಗ್ರಹಾಲಯವು ಹಕ್ಕುಸ್ವಾಮ್ಯದ ಅವಧಿ ಮುಗಿದ ತನ್ನ ವಸ್ತುಗಳ ಚಿತ್ರಗಳನ್ನು 2017ರಿಂದ ಯಾವ ಷರತ್ತೂ ಇಲ್ಲದೆ ಕೊಡುತ್ತಿದೆ. ಹುಡುಕುವಾಗ ಮುಕ್ತ ಬಳಕೆಯ ಸೋಸುಗುಂಡಿಯನ್ನು ಒತ್ತಿಕೊಂಡರೆ ಉಳಿದವು ಮರೆಯಾಗುತ್ತವೆ. ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯ 2019ರಿಂದ ಇದೇ ದಾರಿಯಲ್ಲಿದೆ. ಲಾಸ್ ಏಂಜಲೀಸ್‌ನ ಗೆಟ್ಟಿ, ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್, ಬಾಲ್ಟಿಮೋರಿನ ವಾಲ್ಟರ್ಸ್ ಕೂಡ ಉದಾರಿಗಳು. ರೋಮನ್ ವಸ್ತುಗಳ ಮಟ್ಟಿಗೆ ಗೆಟ್ಟಿಯ ಚಿತ್ರಗಳ ಗುಣಮಟ್ಟ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ಒಂದೇ ಶಿಲ್ಪವನ್ನು ಹಲವು ಕಡೆಯಿಂದ ತೋರಿಸುತ್ತಾರೆ. ಬ್ರಿಟಿಷ್ ಮ್ಯೂಸಿಯಂ ಮತ್ತು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಗಳು ವಿಶಾಲವಾಗಿದ್ದರೂ ಅಲ್ಲಿನ ಚಿತ್ರಗಳಿಗೆ ಷರತ್ತುಗಳಿವೆ, ಆ ವಿಷಯ ಐದನೆಯ ಹಂತದಲ್ಲಿ ಬರುತ್ತದೆ.

ಚಕ್ರವರ್ತಿಗಳ ಕಾಲದ ನಾಣ್ಯಗಳಿಗೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ‘ಓಸಿಆರ್‌ಇ’ ಎಂಬ ಜಾಲತಾಣವಿದೆ. ಆಗಸ್ಟಸ್‌ನಿಂದ ಕ್ರಿ.ಶ. 491ರ ವರೆಗಿನ ನಾಣ್ಯವಿಧಗಳು ಅದರಲ್ಲಿವೆ. ಅರಸನ ಹೆಸರು, ಲೋಹ, ದೇವತೆ ಮೂರನ್ನೂ ಆರಿಸಿಕೊಂಡು ಸೋಸಬಹುದು; ಒಂದೊಂದು ವಿಧದ ಕೆಳಗೆ ಬೇರೆ ಬೇರೆ ಸಂಗ್ರಹಗಳ ಮಾದರಿಗಳು ಸಾಲಾಗಿ ಬರುವುದರಿಂದ ಹೆಚ್ಚು ಸವೆಯದ ನಾಣ್ಯವನ್ನು ಆಯ್ದುಕೊಳ್ಳಬಹುದು. ಗಣರಾಜ್ಯ ಕಾಲಕ್ಕೆ ಅದರ ಸೋದರಿಯಾದ ‘ಸಿಆರ್‌ಆರ್‌ಓ’ ಇದೆ. ಜೇನಸ್‌ನನ್ನು ಹುಡುಕಬೇಕಾದದ್ದು ಅಲ್ಲಿ.

ವಿಕಿಮೀಡಿಯ ಕಾಮನ್ಸ್ ಅತಿ ದೊಡ್ಡ ಕಣಜ. ಇಟಲಿ, ಟುನೀಶಿಯಾ, ಟರ್ಕಿಗಳ ಸಂಗ್ರಹಾಲಯಗಳಲ್ಲಿ ಪ್ರವಾಸಿಗರು ತೆಗೆದ ಚಿತ್ರಗಳು ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಅಲ್ಲಿ ಹುಡುಕುಪೆಟ್ಟಿಗೆಗಿಂತ ವರ್ಗಗಳ ಮೂಲಕ ಇಳಿಯುವುದು ಮೇಲು: ಮೊದಲು ಸಂಗ್ರಹಾಲಯದ ವರ್ಗ, ಆ ಮೇಲೆ ಅದರೊಳಗಿನ ಶಿಲ್ಪಗಳು. ಆದರೆ ಅಲ್ಲಿನ ಶೀರ್ಷಿಕೆಗಳನ್ನು ಬರೆದವರು ಸ್ವಯಂಸೇವಕರು, ಆದ್ದರಿಂದ ಅಲ್ಲಿಂದ ಚಿತ್ರ ತೆಗೆದುಕೊಳ್ಳಿ, ಮಾಹಿತಿಯನ್ನು ಮಾತ್ರ ಸಂಗ್ರಹಾಲಯದಿಂದ ತೆಗೆದುಕೊಳ್ಳಿ.

*ಸಾಮಾನ್ಯ ತಪ್ಪು:* ಪಿಂಟರೆಸ್ಟ್‌ನಲ್ಲಿ ಸಿಕ್ಕ ಚಿತ್ರವನ್ನು ಅಲ್ಲಿಯ ಹೆಸರಿನೊಂದಿಗೇ ಬಳಸುವುದು. ಅಲ್ಲಿಂದ ನೇರವಾಗಿ ಏನನ್ನೂ ತರಬೇಡಿ. ಇಷ್ಟವಾದ ಚಿತ್ರವಿದ್ದರೆ ಗೂಗಲ್ ಲೆನ್ಸ್‌ಗೆ ಕೊಟ್ಟು ಮೂಲ ಸಂಗ್ರಹಾಲಯದ ಪುಟ ಮುಟ್ಟಿ. ಮುಟ್ಟಲಾಗದಿದ್ದರೆ ಬಿಟ್ಟುಬಿಡಿ.

ಹಂತ 4: ಇದು ನಿಜವಾಗಿ ಅವನೇನಾ?

ಬಹುತೇಕರು ಹಾರಿಬಿಡುವ ಹಂತ ಇದು, ಮುಜುಗರ ಹುಟ್ಟುವುದೂ ಇಲ್ಲಿಯೇ. ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಂದು ಚಿತ್ರಕ್ಕೂ ಕೇಳಬೇಕು.

ಮೊದಲನೆಯದು ಲಾಂಛನದ ಪ್ರಶ್ನೆ. ಕೈಯ ಆಯುಧ, ಪಕ್ಕದ ಪ್ರಾಣಿ, ತಲೆಯ ಉಡುಗೆ ನೋಡಿ ದೇವರನ್ನು ಗುರುತಿಸುವುದು ನಮ್ಮ ದೇವಾಲಯಗಳ ಶಿಲ್ಪ ಕಂಡವರಿಗೆ ಹೊಸತಲ್ಲ. ರೋಮಿನಲ್ಲೂ ಕ್ರಮ ಅದೇ. ಜೂಪಿಟರ್‌ಗೆ ಸಿಡಿಲು, ಹದ್ದು, ರಾಜದಂಡ; ಮಿನರ್ವಳಿಗೆ ಶಿರಸ್ತ್ರಾಣ, ಎದೆಯ ಮೇಲೆ ಹಾವಿನಂಚಿನ ಕವಚ; ವಲ್ಕನ್‌ಗೆ ಸುತ್ತಿಗೆ, ಇಕ್ಕಳ, ಮೊನಚು ಟೋಪಿ; ಸೀರಿಸ್‌ಗೆ ಗೋಧಿತೆನೆ ಮತ್ತು ಪಂಜು; ಡಯಾನಾಗೆ ಬಿಲ್ಲು, ಬತ್ತಳಿಕೆ, ಬೇಟೆನಾಯಿ ಅಥವಾ ಜಿಂಕೆ; ಫಾರ್ಚುನಾಗೆ ಚುಕ್ಕಾಣಿ ಮತ್ತು ಹಣ್ಣು ತುಂಬಿದ ಕೊಂಬು; ಸ್ಯಾಟರ್ನ್‌ಗೆ ಕುಡುಗೋಲು. ಚಿತ್ರದಲ್ಲಿ ಲಾಂಛನ ಒಂದೂ ಕಾಣದಿದ್ದರೆ ಅದು ಎಷ್ಟೇ ಸುಂದರವಾಗಿರಲಿ, ಉಪನ್ಯಾಸಕ್ಕೆ ಉಪಯೋಗವಿಲ್ಲ.

ಎರಡನೆಯದು, ಆ ಲಾಂಛನ ಮೂಲದ್ದೇ? 16ರಿಂದ 18ನೆಯ ಶತಮಾನದವರೆಗೆ ಮುರಿದ ಶಿಲ್ಪಗಳಿಗೆ ಹೊಸ ಕೈ, ಹೊಸ ಮೂಗು, ಹೊಸ ಆಯುಧ ಜೋಡಿಸುವುದು ಶ್ರೀಮಂತರ ಸಂಗ್ರಹಗಳಲ್ಲಿ ಸಾಮಾನ್ಯವಾಗಿತ್ತು. ರೋಮಿನ ಪಲಾಝೊ ಆಲ್ಟೆಂಪ್ಸ್‌ನಲ್ಲಿರುವ ಪ್ರಸಿದ್ಧ ‘ಲುಡೊವಿಸಿ ಏರೀಸ್’ (ಏರೀಸ್ ಎಂದರೆ ಗ್ರೀಕರ ಮಾರ್ಸ್) ಶಿಲ್ಪದ ಕೆಲವು ಭಾಗಗಳನ್ನು 1622ರಲ್ಲಿ ಸರಿಪಡಿಸಿದವನು ಇಟಲಿಯ ಶಿಲ್ಪಿ ಬರ್ನಿನಿ. ಸಂಗ್ರಹಾಲಯದ ಪುಟದಲ್ಲಿ ದುರಸ್ತಿಯ ಬಗ್ಗೆ ಹಲವು ಬಾರಿ ಒಂದು ಸಾಲು ಇರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ. ನಾನೊಮ್ಮೆ ಒಂದು ಶಿಲ್ಪದ ಕೈಯಲ್ಲಿದ್ದ ವಸ್ತುವಿನ ಅರ್ಥವನ್ನು ಐದು ನಿಮಿಷ ವಿವರಿಸಿ, ಮನೆಗೆ ಬಂದ ಮೇಲೆ ಆ ಕೈಯೇ 18ನೆಯ ಶತಮಾನದ್ದೆಂದು ತಿಳಿದು ತಲೆ ತಗ್ಗಿಸಿದ್ದೇನೆ.

ಮೂರನೆಯದು ಹೆಸರಿನ ಪ್ರಶ್ನೆ. ಹಳೆಯ ಹೆಸರು ತಪ್ಪೆಂದು ಗೊತ್ತಾದ ಮೇಲೂ ರೂಢಿಯಲ್ಲಿ ಉಳಿದುಬಿಡುತ್ತದೆ. ವ್ಯಾಟಿಕನ್ನಿನಲ್ಲಿರುವ, 1835ರಲ್ಲಿ ಸಿಕ್ಕ ‘ಟೋಡಿಯ ಮಾರ್ಸ್’ ದೇವತೆಯಲ್ಲ, ಪಾನೀಯ ಅರ್ಪಿಸುತ್ತಿರುವ ಯೋಧ ಎಂಬುದು ಇಂದಿನ ಅಭಿಪ್ರಾಯ, ಜೊತೆಗೆ ಅದು ರೋಮನರದಲ್ಲ, ಅವರ ನೆರೆಯ ಎಟ್ರಸ್ಕನ್ ಜನರ ಕೆಲಸ. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ: ಕ್ಯಾಪಿಟೊಲಿನ್ ಸಂಗ್ರಹಾಲಯದ ಬೃಹತ್ ಮಾರ್ಸ್ ಬಹಳ ಕಾಲ ಪಿರ್ರಸ್ ಎಂಬ ದೊರೆಯೆಂದು ಕರೆಸಿಕೊಂಡಿತ್ತು. ರೋಮಿನಲ್ಲಿ ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪನೆಯಾದ ಶಾಂತಿಯ ಬಲಿಪೀಠದ (ಆರಾ ಪಾಚಿಸ್) ಉಬ್ಬುಶಿಲ್ಪದಲ್ಲಿ ಮಕ್ಕಳನ್ನು ತೊಡೆಯಲ್ಲಿಟ್ಟುಕೊಂಡು ಕುಳಿತ ತಾಯಿಯನ್ನು ಭೂದೇವಿ, ಶಾಂತಿದೇವಿ, ವೀನಸ್, ಇಟಲಿ ಎಂದು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆದಿದ್ದಾರೆ. ಅಂಥ ಕಡೆ ಸ್ಲೈಡಿನಲ್ಲಿ ಒಂದೇ ಹೆಸರನ್ನು ಖಚಿತವೆಂಬಂತೆ ಬರೆಯುವುದು ಸಲ್ಲದು.

ಗುಡಿಗಳಲ್ಲಂತೂ ಈ ಗೊಂದಲ ವಿಪರೀತ. 18ನೆಯ ಶತಮಾನದ ಇಟಲಿಯ ಕಲಾವಿದ ಪಿರನೇಸಿಯ ಮುದ್ರಣಚಿತ್ರಗಳು ಬೆರಗು ಹುಟ್ಟಿಸುವಂಥವು, ಉಚಿತವಾಗಿಯೂ ಸಿಗುತ್ತವೆ. ಆದರೆ ಅವನು ‘ಗುಡುಗುವ ಜೂಪಿಟರ್‌ನ ಗುಡಿ’ ಎಂದು ಬರೆದ ಮೂರು ಕಂಬಗಳು ವೆಸ್ಪೇಷಿಯನ್ ಚಕ್ರವರ್ತಿಯ ಗುಡಿಯವು. ಅಂದು ‘ಜೂಪಿಟರ್ ಸ್ಟೇಟರ್’ ಎನಿಸಿಕೊಂಡ ಇನ್ನೊಂದು ಮೂರು ಕಂಬಗಳ ಗುಂಪು ಕ್ಯಾಸ್ಟರ್ ಮತ್ತು ಪೊಲಕ್ಸ್ ಸೋದರರ ಗುಡಿ. ಟೈಬರ್ ನದಿಯ ಬಳಿಯ ದುಂಡು ಗುಡಿಯನ್ನು ವೆಸ್ಟಾಳದೆಂದು ಇಂದಿಗೂ ಅಂಚೆಕಾರ್ಡುಗಳಲ್ಲಿ ಅಚ್ಚುಹಾಕುತ್ತಾರೆ, ಅದನ್ನು ಈಗ ಹರ್ಕ್ಯುಲಿಸ್‌ನದೆಂದು ಗುರುತಿಸಲಾಗಿದೆ. ನಿಜವಾದ ವೆಸ್ಟಾ ಗುಡಿ ಫೋರಂನೊಳಗಿದೆ. ಅಲ್ಲಿ ಇಂದು ಎದ್ದು ನಿಂತಿರುವ ಚಿಕ್ಕ ಬಾಗಿದ ತುಣುಕು 20ನೆಯ ಶತಮಾನದಲ್ಲಿ ಮತ್ತೆ ಜೋಡಿಸಿದ್ದು.

ನಾಲ್ಕನೆಯದು ಕಾಲ ಮತ್ತು ದೇಶದ ಪ್ರಶ್ನೆ. ಮಿಲೋಸ್ ದ್ವೀಪದಲ್ಲಿ 1820ರಲ್ಲಿ ಸಿಕ್ಕ, ಲೂವ್ರ್‌ನಲ್ಲಿರುವ ಕೈಗಳಿಲ್ಲದ ವೀನಸ್ ಗ್ರೀಕ್ ಶಿಲ್ಪ. ಅವಳ ಹೆಸರು ಮಾತ್ರ ರೋಮನ್. ಗೆಟ್ಟಿಯಲ್ಲಿರುವ ‘ಮಾರ್ಬರಿ ಹಾಲ್ ಜ್ಯೂಸ್’ ಹೆಸರಿನಲ್ಲಿ ಗ್ರೀಕ್, ಆದರೆ ಕೆತ್ತಿದ್ದು ಕ್ರಿ.ಶ. 1ನೆಯ ಶತಮಾನದ ರೋಮನ್ ಜಗತ್ತಿನಲ್ಲಿ. ಹೀಗಾಗಿ ಹೆಸರನ್ನು ನೋಡದೆ, ಯಾವಾಗ ಮಾಡಿದ್ದು, ಎಲ್ಲಿ ನಿಲ್ಲಿಸಿದ್ದು ಎಂಬುದನ್ನು ನೋಡಿ. ಗ್ರೀಕ್ ಮೂಲದ ರೋಮನ್ ನಕಲು ರೋಮನರ ಮನೆ, ಸ್ನಾನಗೃಹ, ಗುಡಿಗಳಲ್ಲಿ ನಿಂತಿದ್ದರೆ ಅದನ್ನು ಬಳಸಲು ಹಿಂಜರಿಯಬೇಕಿಲ್ಲ, ಶೀರ್ಷಿಕೆಯಲ್ಲಿ ಹಾಗೆಂದು ಹೇಳಿದರಾಯಿತು. ಬೊಟಿಚೆಲ್ಲಿಯ ವೀನಸ್, ಬರ್ನಿನಿಯ ಅಪೊಲೊ ಮುಂತಾದವು ನಂತರದವರ ಕಲ್ಪನೆಗಳು. ‘ಮುಂದೆ ಯೂರೋಪು ಹೀಗೆ ನೆನೆಯಿತು’ ಎಂಬ ಕೊನೆಯ ಭಾಗದಲ್ಲಿ ಬೇಕಾದರೆ ಇರಲಿ, ರೋಮನರ ನಂಬಿಕೆಗೆ ಅವು ಸಾಕ್ಷಿಯಾಗಲಾರವು.

ಹೋಲಿಕೆಯ ಚಿತ್ರಗಳ ಬಗ್ಗೆಯೂ ಒಂದು ಮಾತು. ಜೂಪಿಟರ್ ಪಕ್ಕದಲ್ಲಿ ಇಂದ್ರನ ಚಿತ್ರ ಹಾಕುವ ಆಸೆ ಕನ್ನಡದ ಉಪನ್ಯಾಸಕರಿಗೆ ಸಾಮಾನ್ಯವಾಗಿ ಬರುತ್ತದೆ, ಇಬ್ಬರ ಕೈಯಲ್ಲೂ ಸಿಡಿಲಿದೆಯಲ್ಲ. ಆದರೆ ಹೆಸರಿನ ನಂಟು ಇರುವುದು ವೇದದ ದ್ಯೌಷ್ಪಿತೃವಿನ ಜೊತೆಗೆ, ಇಂದ್ರನ ಜೊತೆಗಲ್ಲ. ಎರಡನ್ನೂ ಬೆರೆಸಿ ಒಂದೇ ಸ್ಲೈಡಿನಲ್ಲಿಟ್ಟರೆ ಪ್ರಶ್ನೋತ್ತರದ ಸಮಯವೆಲ್ಲ ಅಲ್ಲೇ ಮುಗಿದುಹೋಗುತ್ತದೆ.

*ಎಚ್ಚರಿಕೆಯ ಲಕ್ಷಣಗಳು:* ಯಂತ್ರ ಹೆಣೆದ ಚಿತ್ರಗಳಲ್ಲಿ ಲಾಂಛನಗಳು ಕಲಸಿಹೋಗಿರುತ್ತವೆ, ಅಕ್ಷರಗಳು ಲ್ಯಾಟಿನ್‌ನಂತೆ ಕಂಡರೂ ಓದಲು ಬರುವುದಿಲ್ಲ, ಬೆಳಕು ಸಿನಿಮಾ ಪೋಸ್ಟರಿನಂತೆ ಎಲ್ಲ ಕಡೆಯಿಂದ ಬರುತ್ತದೆ. ಮುಖ್ಯವಾಗಿ, ಯಾವ ಸಂಗ್ರಹಾಲಯದಲ್ಲೂ ಆ ವಸ್ತು ಇರುವುದಿಲ್ಲ.

ಹಂತ 5: ಬಳಕೆಯ ಹಕ್ಕು

‘ಎರಡು ಸಾವಿರ ವರ್ಷದ ಶಿಲ್ಪಕ್ಕೆ ಯಾರ ಹಕ್ಕು?’ ಎಂಬುದು ಸಹಜವಾದ ಪ್ರಶ್ನೆ. ಶಿಲ್ಪಕ್ಕೆ ಹಕ್ಕುಸ್ವಾಮ್ಯವಿಲ್ಲದಿದ್ದರೂ ಅದರ ಛಾಯಾಚಿತ್ರಕ್ಕೆ ಇರುತ್ತದೆ, ಏಕೆಂದರೆ ಕೋನ, ಬೆಳಕು ಎಲ್ಲ ಛಾಯಾಗ್ರಾಹಕನ ಆಯ್ಕೆ. ಚಿತ್ರದ ಜೊತೆಗೆ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯ ಗುರುತು (ಸಿಸಿ) ಇದೆಯೇ ನೋಡಿ. ‘ಸಿಸಿ0’ ಎಂದಿದ್ದರೆ ಷರತ್ತಿಲ್ಲ. ‘ಸಿಸಿ ಬಿವೈ’ ಎಂದಿದ್ದರೆ ಛಾಯಾಗ್ರಾಹಕನ ಹೆಸರು ಹಾಕಬೇಕು. ‘ಎನ್‌ಸಿ’ ಸೇರಿದ್ದರೆ ಹಣ ಗಳಿಸುವ ಬಳಕೆ ಸಲ್ಲದು. ಬ್ರಿಟಿಷ್ ಮ್ಯೂಸಿಯಂನ ಆನ್‌ಲೈನ್ ಸಂಗ್ರಹದ ಚಿತ್ರಗಳು ಈ ಬಗೆಯವು. ಇಟಲಿಯ ಸರ್ಕಾರಿ ಸಂಗ್ರಹಗಳ ವಸ್ತುಗಳ ಚಿತ್ರಗಳನ್ನು ವಾಣಿಜ್ಯಕ್ಕೆ ಬಳಸಲು 2004ರ ಸಾಂಸ್ಕೃತಿಕ ಸಂಪತ್ತಿನ ಸಂಹಿತೆಯ ಪ್ರಕಾರ ಅನುಮತಿ ಬೇಕು. ಕಾಮನ್ಸ್‌ನ ಚಿತ್ರಕ್ಕೂ ಈ ಮಾತು ಅನ್ವಯಿಸಬಹುದೆಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ತರಗತಿಯ ಪಾಠಕ್ಕಾಗಿ ಅಧ್ಯಾಪಕರು ಬಳಸುವುದಕ್ಕೆ ವಿನಾಯಿತಿ ಕೊಡುತ್ತದೆ. ಸಮಸ್ಯೆ ಶುರುವಾಗುವುದು ಸಂಘಟಕರು ಉಪನ್ಯಾಸವನ್ನು ಚಿತ್ರೀಕರಿಸಿ, ಜಾಹೀರಾತು ಬರುವ ಯೂಟ್ಯೂಬ್ ವಾಹಿನಿಗೆ ಹಾಕಿದಾಗ. ಆದ್ದರಿಂದ ಚಿತ್ರೀಕರಣವಿದೆಯೇ ಎಂದು ಒಪ್ಪಿಕೊಳ್ಳುವ ದಿನವೇ ಕೇಳಿ. ಇದ್ದರೆ ‘ಸಿಸಿ0’ ಮತ್ತು ‘ಸಿಸಿ ಬಿವೈ’ ಚಿತ್ರಗಳಿಗೆ ಆದ್ಯತೆ ಕೊಡಿ, ಇಟಲಿಯ ವಸ್ತುಗಳ ಬದಲು ಸಾಧ್ಯವಿದ್ದ ಕಡೆ ಮುಕ್ತ ಸಂಗ್ರಹಾಲಯಗಳ ವಸ್ತುಗಳನ್ನೇ ಆರಿಸಿ.

ಹಂತ 6: ಇಳಿಸಿಕೊಂಡು ಹೆಸರಿಡುವುದು

ಹುಡುಕಾಟದ ಫಲಿತಾಂಶದಲ್ಲಿ ಕಾಣುವುದು ಕಿರುಚಿತ್ರ. ಅದನ್ನೇ ಉಳಿಸಿಕೊಂಡರೆ ಪರದೆಯ ಮೇಲೆ ಚೌಕಗಳು ಏಳುತ್ತವೆ. ವಸ್ತುವಿನ ಪುಟಕ್ಕೆ ಹೋಗಿ ಅಲ್ಲಿನ ಡೌನ್‌ಲೋಡ್ ಗುಂಡಿಯನ್ನೇ ಒತ್ತಿ. ಪೂರ್ಣ ಪರದೆಗೆ ಅಗಲ 1920 ಪಿಕ್ಸೆಲ್‌ಗೆ ಕಡಿಮೆಯಿರಬಾರದು, ಅರ್ಧ ಪರದೆಗೆ ಸುಮಾರು 1000 ಸಾಕು. ನಾಣ್ಯದ ಒಂದು ಭಾಗವನ್ನು ಕತ್ತರಿಸಿ ದೊಡ್ಡದು ಮಾಡುವುದಿದ್ದರೆ ಸಿಕ್ಕಷ್ಟೂ ದೊಡ್ಡ ಗಾತ್ರವನ್ನು ಇಳಿಸಿಕೊಳ್ಳಿ.

ಫೈಲ್‌ನ ಹೆಸರನ್ನು ತಕ್ಷಣ ಬದಲಿಸಿ: ದೇವತೆ, ವಸ್ತು, ಸಂಗ್ರಹಾಲಯ, ದಾಖಲೆ ಸಂಖ್ಯೆ, ಹಕ್ಕು, ಈ ಕ್ರಮದಲ್ಲಿ. ‘ಆಮೇಲೆ ಮಾಡೋಣ’ ಎಂದವರ ಫೋಲ್ಡರಿನಲ್ಲಿ ಮೂರನೆಯ ದಿನಕ್ಕೆ ಯಾವ ಶಿಲ್ಪ ಯಾವುದೆಂದು ಗೊತ್ತಾಗದ ಮೂವತ್ತು ಫೈಲುಗಳಿರುತ್ತವೆ. ನೋಟ್‌ಬುಕ್ಕಿನ ಸಾಲನ್ನೂ ಅದೇ ಗಳಿಗೆಯಲ್ಲಿ ತುಂಬಿ, ಪುಟದ ವಿಳಾಸ ಸೇರಿಸಿ.

ಹಂತ 7: ಸ್ಲೈಡಿನ ಮೇಲೆ ಕೂರಿಸುವುದು

ಒಂದು ಸ್ಲೈಡಿಗೆ ಒಂದು ವಸ್ತು. ಹೋಲಿಸುವುದಿದ್ದರೆ ಮಾತ್ರ ಎರಡು. ಕೆಳಗೆ ಒಂದೇ ಸಾಲಿನ ಶೀರ್ಷಿಕೆ ಇರಲಿ: ಏನು, ಯಾವುದರಿಂದ ಮಾಡಿದ್ದು, ಯಾವ ಕಾಲ, ಎಲ್ಲಿದೆ. ಛಾಯಾಗ್ರಾಹಕನ ಹೆಸರು ಸಣ್ಣಕ್ಷರದಲ್ಲಿ ಅಲ್ಲೇ ಬರಲಿ.

ಗಾತ್ರದ ಭ್ರಮೆಯನ್ನು ಒಡೆಯುವುದು ನಿಮ್ಮ ಹೊಣೆ. ಪರದೆಯ ಮೇಲೆ ಅಂಗೈಯಗಲದ ಮರ್ಕ್ಯುರಿ ಮೂರ್ತಿಯೂ ಎರಡಾಳೆತ್ತರದ ಮಾರ್ಸ್ ಶಿಲ್ಪವೂ ಒಂದೇ ಎತ್ತರಕ್ಕೆ ಕಾಣುತ್ತವೆ. ಅಳತೆಯನ್ನು ಶೀರ್ಷಿಕೆಯಲ್ಲಿ ಬರೆಯಿರಿ. ಬೆಳ್ಳಿಯ ಡಿನೇರಿಯಸ್ ಸುಮಾರು 18–19 ಮಿಲಿಮೀಟರ್ ಅಗಲವೆಂದರೆ ಯಾರ ಕಣ್ಣಿಗೂ ಕಟ್ಟುವುದಿಲ್ಲ. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು ಎಂದರೆ ಸಭೆಗೆ ತಟ್ಟನೆ ಹೊಳೆಯುತ್ತದೆ.

ಬಣ್ಣದ ಭ್ರಮೆಯೂ ಇದೆ. ಬಿಳಿಯ ಅಮೃತಶಿಲೆಗಳನ್ನೇ ಸಾಲಾಗಿ ತೋರಿಸಿದರೆ ರೋಮನ್ ದೇವತೆಗಳು ಬಿಳಿಯಾಗಿಯೇ ಇದ್ದರೆಂಬ ಭಾವನೆ ಉಳಿಯುತ್ತದೆ. ಆ ಶಿಲ್ಪಗಳಿಗೆ ಬಣ್ಣ ಬಳಿಯಲಾಗುತ್ತಿತ್ತು. ಎರಡು ಮೂರು ಶಿಲ್ಪಗಳ ನಡುವೆ ಪಾಂಪೆಯ ಒಂದು ಗೋಡೆಚಿತ್ರವನ್ನು ಇರಿಸಿದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ಸಭೆಯಲ್ಲಿ ಚಿಕ್ಕ ಮಕ್ಕಳಿದ್ದರೆ ವೀನಸ್‌ಗೆ ನಗ್ನ ಶಿಲ್ಪದ ಬದಲು ನಾಣ್ಯದ ಮೇಲಿನ ವಸ್ತ್ರ ತೊಟ್ಟ ‘ಮೂಲತಾಯಿ’ ರೂಪವನ್ನು ಬಳಸಬಹುದು. ಕ್ರಿ.ಪೂ. 46ರಲ್ಲಿ ಸೀಸರ್ ಗುಡಿಯನ್ನು ಪ್ರತಿಷ್ಠಾಪಿಸಿದ್ದು ಆ ರೂಪಕ್ಕೇ ಆದ್ದರಿಂದ ವಿಷಯಕ್ಕೂ ಅದು ಹೆಚ್ಚು ಹತ್ತಿರ.

ಶೀರ್ಷಿಕೆಗಳನ್ನು ಕಡ್ಡಾಯವಾಗಿ ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ದೇವತೆಗಳ ಹೆಸರಿಗೆ ಒಂದೇ ಕಾಗುಣಿತವನ್ನು ಮೊದಲಿನಿಂದ ಕೊನೆಯವರೆಗೆ ಪಾಲಿಸಿ. ಒಂದು ಕಡೆ ಜೂನೊ, ಇನ್ನೊಂದು ಕಡೆ ಯೂನೊ ಎಂದಿದ್ದರೆ ಕೇಳುಗರು ಇಬ್ಬರೆಂದು ತಿಳಿಯುತ್ತಾರೆ.

ಹಂತ 8: ಸಭಾಂಗಣದ ಪರೀಕ್ಷೆ

ಉಪನ್ಯಾಸಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಅಲ್ಲಿನ ಪ್ರೊಜೆಕ್ಟರಿನಲ್ಲೇ ಎಲ್ಲ ಸ್ಲೈಡುಗಳನ್ನೂ ಒಮ್ಮೆ ಓಡಿಸಿ ನೋಡಿ. ಹಳೆಯ ಪ್ರೊಜೆಕ್ಟರುಗಳು ಇನ್ನೂ ಚೌಕಾಕಾರದ ಪರದೆಗೆ ಹೊಂದಿಕೊಂಡಿರುತ್ತವೆ, ಅಗಲ ಸ್ಲೈಡಿನ ಚಿತ್ರ ಅಲ್ಲಿ ಕುಗ್ಗಿ ಕಪ್ಪು ಪಟ್ಟಿಗಳ ನಡುವೆ ಕೂರುತ್ತದೆ. ಕಪ್ಪಾದ ಕಂಚಿನ ಮೂರ್ತಿಗಳೂ ಸವೆದ ನಾಣ್ಯಗಳೂ ಹಗಲು ಬೆಳಕಿನ ಕೋಣೆಯಲ್ಲಿ ಮಾಯವಾಗುತ್ತವೆ. ಕಿಟಕಿಗೆ ಪರದೆ ಇಲ್ಲವೆಂದು ತಿಳಿದರೆ ಆ ಚಿತ್ರಗಳ ಹಿನ್ನೆಲೆಯನ್ನು ತಿಳಿಬಣ್ಣಕ್ಕೆ ಬದಲಿಸಿ, ಬೆಳಕನ್ನು ಸ್ವಲ್ಪ ಏರಿಸಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಹಳೆಯ ಪ್ರೊಜೆಕ್ಟರಿಗೆ ವಿಜಿಎ ತಂತಿಯೇ ಬೇಕಾಗಬಹುದು, ಜೋಡಣೆಯ ಕೊಂಡಿ ನಿಮ್ಮ ಚೀಲದಲ್ಲಿರಲಿ. ಇಡೀ ಉಪನ್ಯಾಸದ ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ, ಮತ್ತೊಂದು ಇಮೇಲ್‌ನಲ್ಲಿ ಇರಲಿ. ಸಭಾಂಗಣದ ವೈಫೈ ನಂಬಿ ಚಿತ್ರಗಳನ್ನು ಅಂತರ್ಜಾಲದಿಂದ ನೇರ ತೆರೆಯುವ ಯೋಜನೆ ಬೇಡ.

ಕೊನೆಗೆ, ಆರು ಕಂಬಸಾಲುಗಳ ಆ ಪಟ್ಟಿಯ ಒಂದು ಮುದ್ರಿತ ಪ್ರತಿಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಮಾತು ಆರಂಭಿಸಿ. ‘ಅದು ಎಲ್ಲಿದೆ, ಯಾವ ಕಾಲದ್ದು?’ ಎಂದು ಕೇಳಿದವರಿಗೆ ಸ್ಲೈಡುಗಳನ್ನು ಹಿಂದಕ್ಕೆ ತಳ್ಳುತ್ತ ಹೋಗುವ ಬದಲು ಆ ಹಾಳೆ ನೋಡಿ ಸಂಗ್ರಹಾಲಯದ ಹೆಸರು ಮತ್ತು ದಾಖಲೆ ಸಂಖ್ಯೆಯನ್ನು ಓದಿ ಹೇಳಬಹುದು.